‘ಉಭಯ’ ಎಂಬ ಪದದೊಳಗಿನ ಇಬ್ಬರು

ದಸರಾ ಜಂಬೂಸವಾರಿಯ ವರದಿಗಳಲ್ಲಿ ವರ್ಷವರ್ಷವೂ ಬರುವ ಮಾತೊಂದಿದೆ: ಸಯ್ಯಾಜಿರಾವ್ ರಸ್ತೆಯ ಇಕ್ಕೆಲಗಳಲ್ಲಿ ಜನ ಕಿಕ್ಕಿರಿದು ನೆರೆದಿದ್ದರು. ವಿಧಾನಮಂಡಲದ ಅಧಿವೇಶನ ಶುರುವಾದರೆ ‘ಉಭಯ ಸದನಗಳ’ ಸುದ್ದಿ. ಕಾವೇರಿ ನೀರಿನ ತಕರಾರು ಎದ್ದರೆ ‘ಉಭಯ ರಾಜ್ಯಗಳು’. ಮದುವೆಯ ಮಾತುಕತೆ ಕುದುರಿದರೆ ‘ಉಭಯ ಕಡೆಯವರೂ’ ಒಪ್ಪಿದರು ಎನ್ನುತ್ತಾರೆ. ಜೋಡಿಯಾಗಿರುವ ಎರಡನ್ನು ಒಟ್ಟಿಗೆ ಹಿಡಿದು ಹೇಳುವ ಈ ಮಾತುಗಳನ್ನು ಯಾರೂ ನಿಂತು ಯೋಚಿಸಿ ಬಳಸುವುದಿಲ್ಲ. ಆದರೆ ‘ಎರಡೂ’ ಎಂದಾಗ ಹೇಳಿದ್ದೇನು? ಎರಡೂ ಒಟ್ಟಾಗಿಯೋ, ಎರಡೂ ಬೇರೆ ಬೇರೆಯಾಗಿಯೋ? ಆ ಎರಡು ಸರಿಸಮವೋ, ಒಂದು ದೊಡ್ಡದು ಇನ್ನೊಂದು ಚಿಕ್ಕದೋ? ಇದು ಬರೀ ವ್ಯಾಕರಣದ ಪ್ರಶ್ನೆಯಂತೆ ಕಾಣುತ್ತದೆ. ಮೈಸೂರಿನ ಇತಿಹಾಸದಲ್ಲಿ ಒಮ್ಮೆ ಇದು ಸಿಂಹಾಸನದ ಪ್ರಶ್ನೆಯೂ ಆಗಿತ್ತು.

ಮೊದಲು ಪದದ ಕುಲಗೋತ್ರ ನೋಡೋಣ. ‘ಉಭಯ’ ಸಂಸ್ಕೃತದಿಂದ ಬಂದದ್ದು. ಅದರ ಮೂಲದಲ್ಲಿರುವುದು ‘ಉಭ’. ಸಂಸ್ಕೃತದಲ್ಲಿ ಏಕವಚನ, ಬಹುವಚನಗಳ ನಡುವೆ ದ್ವಿವಚನ ಎಂಬುದೊಂದಿದೆ. ಎರಡಕ್ಕೆಂದೇ ಮೀಸಲಾದ ರೂಪ. ‘ಉಭ’ ಸದಾ ದ್ವಿವಚನದಲ್ಲೇ ಇರುತ್ತದೆ, ‘ಉಭೌ’ ಎಂದು. ಪ್ರಾಚೀನ ರೋಮಿನವರ ಭಾಷೆಯಾದ ಲ್ಯಾಟಿನ್ನಿನಲ್ಲಿ ಇದೇ ಅರ್ಥದ ಪದ ‘ಆಂಬೊ’. ಕೊಟ್ಟಿಗೆಯ ಕರು ಕೂಗಿದಂತೆ ಕೇಳಿಸುವ ಈ ಪದಕ್ಕೂ ನಮ್ಮ ‘ಉಭೌ’ ಎಂಬುದಕ್ಕೂ ನಂಟಿದೆ ಎಂದರೆ ಮೊದಲಿಗೆ ನಂಬಿಕೆ ಬಾರದು. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಬೇರಿನಿಂದ ಬಂದಿರಬೇಕು ಎಂದು ಹೇಳಿದ ಮೇಲೆ ವಿದ್ವಾಂಸರು ಇಂಥ ಜೋಡಿಗಳನ್ನು ಹುಡುಕುತ್ತಾ ಹೋದರು. ಲ್ಯಾಟಿನ್ನಿನ ‘ಆಂಬೊ’, ಗ್ರೀಕಿನ ‘ಆಂಫೊ’, ಸಂಸ್ಕೃತದ ‘ಉಭೌ’, ಇಂಗ್ಲಿಷಿನ ‘ಬೋತ್’ ಎಲ್ಲವೂ ಒಂದೇ ಮನೆತನದವು ಎಂಬುದು ಅವರ ತೀರ್ಮಾನ.

ಸ್ವಾರಸ್ಯ ಇರುವುದು ಇಲ್ಲಿ. ಲ್ಯಾಟಿನ್ ಭಾಷೆ ದ್ವಿವಚನವನ್ನು ಬಹಳ ಹಿಂದೆಯೇ ಕಳೆದುಕೊಂಡಿತು. ಅದರ ನಾಮಪದಗಳಿಗೆ ಉಳಿದದ್ದು ಏಕವಚನ, ಬಹುವಚನ ಎರಡೇ. ಆದರೂ ‘ಎರಡು’ ಎಂಬರ್ಥದ ‘ದುವೊ’ ಮತ್ತು ‘ಎರಡೂ’ ಎಂಬರ್ಥದ ‘ಆಂಬೊ’ ಪದಗಳ ಕೊನೆಯಲ್ಲಿ ಮಾತ್ರ ಹಳೆಯ ದ್ವಿವಚನದ ಗುರುತು ಹಾಗೇ ಉಳಿದುಕೊಂಡಿತು. ಕೆಡವಿದ ಮನೆಯ ಎರಡು ಕಂಬ ಮಾತ್ರ ಬಯಲಲ್ಲಿ ನಿಂತ ಹಾಗೆ.

ಸಂಸ್ಕೃತದಲ್ಲಾದರೂ ಎಲ್ಲ ಸರಿಯಾಗಿದೆಯೇ ಎಂದರೆ, ಅಲ್ಲೊಂದು ಜಗಳವಿದೆ. ‘ಉಭ’ ಎಂಬುದು ಸದಾ ದ್ವಿವಚನವಾದರೆ ಅದರಿಂದ ಹುಟ್ಟಿದ ‘ಉಭಯ’ ಪದಕ್ಕೆ ದ್ವಿವಚನವೇ ಇಲ್ಲ ಎಂದು ವೈಯಾಕರಣಿ ಕೈಯಟ ಹೇಳಿದ. ಇದೆ ಎಂದು ಹರದತ್ತ ಹೇಳಿದ. ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯಲ್ಲಿ ಈ ಇಬ್ಬರ ಮತವೂ ದಾಖಲಾಗಿದೆ. ಎರಡನ್ನು ಹೇಳುವ ಪದಕ್ಕೇ ದ್ವಿವಚನ ಇಲ್ಲವೆಂದರೆ ಪಾಠಶಾಲೆಯ ವಿದ್ಯಾರ್ಥಿಗೆ ತಲೆ ತಿರುಗುವುದು ಸಹಜ. ಆದರೆ ಅದರ ಹಿಂದೆ ಒಂದು ನೋಟವಿದೆ: ‘ಉಭೌ’ ಎಂದರೆ ಎಣಿಸಿಟ್ಟ ಇಬ್ಬರು, ‘ಉಭಯ’ ಎಂದರೆ ಎರಡು ಭಾಗಗಳುಳ್ಳ ಒಂದು ಜೋಡಿ.

ರೋಮಿನವರು ಇದೇ ಬಗೆಯ ಭೇದವನ್ನು ಬೇರೆ ರೀತಿಯಲ್ಲಿ ಮಾಡಿಕೊಂಡರು. ಅವರಲ್ಲಿ ‘ಎರಡೂ’ ಎನ್ನಲು ಎರಡು ಪದಗಳಿದ್ದವು. ‘ಆಂಬೊ’ ಎಂದರೆ ಇಬ್ಬರೂ ಕೂಡಿ, ಒಂದೇ ಜೋಡಿಯಾಗಿ. ‘ಉಟೆರ್ಕ್ವೆ’ ಎಂದರೆ ಇಬ್ಬರಲ್ಲಿ ಇವನೂ ಹೌದು, ಅವನೂ ಹೌದು, ಬೇರೆ ಬೇರೆಯಾಗಿ. ‘ಆಂಬೊ’ ಬಂದರೆ ಕ್ರಿಯಾಪದ ಬಹುವಚನದಲ್ಲಿರುತ್ತದೆ. ‘ಉಟೆರ್ಕ್ವೆ’ ಬಂದರೆ ಸಾಮಾನ್ಯವಾಗಿ ಏಕವಚನದಲ್ಲಿ. ಕವಿಗಳು ಈ ಗೆರೆಯನ್ನು ಆಗಾಗ ದಾಟಿದ್ದುಂಟು, ಆದರೂ ಗೆರೆ ಇತ್ತು. ರೋಮಿನ ರಾಜ್ಯಾಡಳಿತ ನಡೆದದ್ದೇ ಜೋಡಿಗಳ ಮೇಲೆ. ವರ್ಷಕ್ಕೆ ಇಬ್ಬರು ಕಾನ್ಸಲರು. ಇಬ್ಬರಿಗೂ ಸಮಾನ ಅಧಿಕಾರ. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಿತ್ತು. ಅಂಥ ಊರಿನಲ್ಲಿ ಇಬ್ಬರೂ ಸೇರಿ ಮಾಡಿದ್ದು ಯಾವುದು, ಒಬ್ಬೊಬ್ಬರೇ ಮಾಡಿದ್ದು ಯಾವುದು ಎಂದು ಬಿಡಿಸಿ ಹೇಳುವ ಪದಗಳು ಬೇಕೇ ಬೇಕಾಗಿದ್ದವು.

ಮುಂದೆ ಯೂರೋಪಿನ ವಿಶ್ವವಿದ್ಯಾನಿಲಯಗಳಲ್ಲಿ ಚರ್ಚಿನ ಕಾನೂನು, ನಾಗರಿಕ ಕಾನೂನು ಎರಡನ್ನೂ ಓದಿದವನಿಗೆ ‘ಎರಡೂ ಕಾನೂನುಗಳ ಡಾಕ್ಟರ್’ ಎಂಬ ಪದವಿ ಕೊಡತೊಡಗಿದರು. ಅಲ್ಲಿ ಬಳಸಿದ್ದು ‘ಆಂಬೊ’ ಪದವನ್ನಲ್ಲ, ‘ಉಟೆರ್ಕ್ವೆ’ ಎಂಬುದರ ರೂಪವನ್ನು. ಎರಡೂ ಶಾಸ್ತ್ರಗಳು ಬೇರೆ ಬೇರೆಯೇ, ಎರಡರಲ್ಲೂ ಇವನು ಪಂಡಿತ ಎಂದು ಅರ್ಥ. ಮೈಸೂರಿನ ವಕೀಲರ ಫಲಕಗಳ ಮೇಲಿನ ಎಲ್‌ಎಲ್.ಬಿ.ಯಲ್ಲಿ ಎರಡು ‘ಎಲ್’ ಇರುವುದು ಈ ಕಾರಣಕ್ಕೆ ಎಂದು ಕೆಲವರು ಭಾವಿಸುವುದುಂಟು. ಹಾಗಲ್ಲ. ಅಕ್ಷರವನ್ನು ಇಮ್ಮಡಿಸಿ ಬರೆಯುವುದು ಲ್ಯಾಟಿನ್ ಸಂಕ್ಷೇಪಗಳಲ್ಲಿ ಬಹುವಚನದ ಗುರುತು, ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಸರಿಪಡಿಸಬಹುದು. ಕೆಥೋಲಿಕ್ ದೇವಾಲಯಗಳಲ್ಲಿ ಧರ್ಮಗ್ರಂಥ ಓದುವ ಪೀಠಕ್ಕೆ ‘ಆಂಬೊ’ ಎಂದೇ ಹೆಸರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಅವಳಿ ಗೋಪುರಗಳನ್ನು ನೋಡಿದವರಿಗೆ, ಎಲ್ಲವೂ ಜೋಡಿಯಾಗಿರುವ ಇಂಥ ಕಟ್ಟಡದಲ್ಲಿ ಪೀಠದ ಹೆಸರೂ ಅದೇ ಪದದಿಂದ ಬಂದಿರಬೇಕು ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ಪೀಠದ ‘ಆಂಬೊ’ ಬಂದದ್ದು ಗ್ರೀಕ್ ಭಾಷೆಯಿಂದ. ಅದರ ಅರ್ಥ ಎತ್ತರದ ಜಾಗ. ಎರಡಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ಕನ್ನಡಕ್ಕೆ ಬಂದರೆ ವ್ಯವಸ್ಥೆ ಬೇರೆಯೇ. ಕನ್ನಡ ದ್ರಾವಿಡ ಕುಲದ್ದು. ಈ ಪದಗಳ ಮನೆತನಕ್ಕೆ ಸೇರಿದ್ದಲ್ಲ. ಅದರಲ್ಲಿ ಏಕವಚನ, ಬಹುವಚನ ಎರಡೇ. ಆದರೆ ಎರಡನ್ನು ಹೇಳುವ ‘ಇರ್’ ಎಂಬ ಪುಟ್ಟ ಬೇರೊಂದು ಎಷ್ಟು ಕಡೆ ಅಡಗಿ ಕೂತಿದೆ ಎಂದು ನೋಡಿದರೆ ದ್ವಿವಚನ ಇಲ್ಲದ ಕೊರಗು ಉಳಿಯುವುದಿಲ್ಲ. ಇರ್ವರು ಎಂಬುದೇ ಇಬ್ಬರು. ಎರಡು ಹತ್ತು ಇಪ್ಪತ್ತು. ಎರಡು ಕಡೆ ಇಕ್ಕೆಲ, ಇಬ್ಬದಿ. ಎರಡು ಹೋಳಾದರೆ ಇಬ್ಬಗೆ. ಎತ್ತ ಹೋಗುವುದೋ ತಿಳಿಯದೆ ಸಿಕ್ಕಿಕೊಂಡರೆ ಇಬ್ಬಂದಿ. ಕರಾವಳಿಯ ಪತ್ರಿಕೆಗಳಲ್ಲಿ ಎರಡು ಗುಂಪಿನ ಹೊಡೆದಾಟದ ಸುದ್ದಿ ಬಂದರೆ ‘ಇತ್ತಂಡ’ ಎಂಬ ಸೊಗಸಾದ ಪದವಿರುತ್ತದೆ. ಹಳೇ ಮೈಸೂರಿನ ಕಡೆ ಇದು ಏಕೋ ಓಡಾಡಲಿಲ್ಲ. ಮೈಸೂರಿನ ಅರಸರ ಹೆಸರುಗಳಲ್ಲೇ ಈ ಬೇರು ಕುಳಿತಿದೆ: 1734ರಿಂದ 1766ರವರೆಗೆ ಸಿಂಹಾಸನದಲ್ಲಿದ್ದವರು ಇಮ್ಮಡಿ ಕೃಷ್ಣರಾಜ ಒಡೆಯರು. ಇಮ್ಮಡಿ ಎಂದರೆ ಎರಡು ಪಟ್ಟು. ಮುಂದೆ ಮುಮ್ಮಡಿ, ನಾಲ್ವಡಿ. ಎರಡನೆಯವನು ಎನ್ನುವ ಬದಲು ಎರಡರಷ್ಟು ಎನ್ನುವ ಈ ಗತ್ತು ಇಂಗ್ಲೆಂಡಿನ ಅರಸರಿಗೂ ಇರಲಿಲ್ಲ.

‘ಎರಡೂ’ ಎನ್ನುವಾಗ ಕನ್ನಡ ಮಾಡುವ ಕೆಲಸ ಇನ್ನೂ ಸರಳ. ಸಂಖ್ಯೆಯ ಕೊನೆಗೆ ಒಂದು ‘ಊ’ ಹಚ್ಚಿದರೆ ಮುಗಿಯಿತು. ಮನುಷ್ಯರಾದರೆ ಇಬ್ಬರೂ, ಮಿಕ್ಕದ್ದಾದರೆ ಎರಡೂ. ಲ್ಯಾಟಿನ್ ಗಂಡು, ಹೆಣ್ಣು, ನಪುಂಸಕ ಎಂದು ರೂಪ ಬದಲಿಸಿದರೆ ಕನ್ನಡ ಕೇಳುವುದು ಆಳೇ ಅಲ್ಲವೇ ಎಂಬುದನ್ನು ಮಾತ್ರ. ಆದರೆ ಕೂಡಿಯೋ ಬೇರೆಯೋ ಎಂಬ ಪ್ರಶ್ನೆಗೆ ಈ ‘ಊ’ ಉತ್ತರ ಕೊಡುವುದಿಲ್ಲ. ‘ಅಣ್ಣ ತಮ್ಮ ಇಬ್ಬರೂ ಮದುವೆಗೆ ನೂರು ರೂಪಾಯಿ ಮುಯ್ಯಿ ಕೊಟ್ಟರು’ ಎಂದರೆ ಬಂದದ್ದು ನೂರೋ ಇನ್ನೂರೋ? ಮುಯ್ಯಿ ಪುಸ್ತಕ ಬರೆಯುವವನು ‘ಇಬ್ಬರೂ ಸೇರಿ’ ಎಂದೋ ‘ಇಬ್ಬರೂ ತಲಾ’ ಎಂದೋ ಸೇರಿಸಿಯೇ ಬರೆಯಬೇಕು. ರೋಮಿನವರ ‘ಆಂಬೊ’, ‘ಉಟೆರ್ಕ್ವೆ’ ಮಾಡುತ್ತಿದ್ದ ಕೆಲಸವನ್ನು ನಮ್ಮಲ್ಲಿ ‘ಸೇರಿ’, ‘ತಲಾ’ ಮಾಡುತ್ತವೆ.

ಬ್ಯಾಂಕಿನಲ್ಲಿ ಗಂಡ ಹೆಂಡತಿ ಜಂಟಿ ಖಾತೆ ತೆರೆಯುವಾಗ ಫಾರಂನಲ್ಲಿ ಗುರುತು ಹಾಕುವ ಒಂದು ಸಣ್ಣ ಚೌಕದಲ್ಲಿ ಇದೇ ಪ್ರಶ್ನೆ ಇದೆ. ಇಬ್ಬರೂ ಸೇರಿ ಸಹಿ ಮಾಡಿದರೆ ಮಾತ್ರ ಹಣ ತೆಗೆಯಬಹುದೇ, ಅಥವಾ ಇಬ್ಬರಲ್ಲಿ ಯಾರಾದರೂ ಒಬ್ಬರು, ಇಲ್ಲವೇ ಬದುಕುಳಿದವರು ತೆಗೆಯಬಹುದೇ? ಖಾತೆ ಇಬ್ಬರದೂ ಹೌದು. ಆದರೆ ಒಬ್ಬರು ಆಸ್ಪತ್ರೆ ಸೇರಿದ ದಿನ ಮೊದಲನೆಯದಕ್ಕೂ ಎರಡನೆಯದಕ್ಕೂ ಎಷ್ಟು ಅಂತರ ಎಂಬುದು ಮನೆಯವರಿಗೆ ತಿಳಿಯುತ್ತದೆ.

ಶಾಸನಸಭೆಯಲ್ಲೂ ಇದನ್ನು ಕಾಣಬಹುದು. ಎರಡು ಸಭೆಗಳ ಪದ್ಧತಿ ಮೈಸೂರಿಗೆ ಹೊಸತಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. 1907ರಲ್ಲಿ ನ್ಯಾಯವಿಧಾಯಕ ಸಭೆ ಅದರ ಜೊತೆಗೆ ಬಂತು. 1949ರಲ್ಲಿ ಎರಡೂ ಮುಗಿದವು. ಇಂದಿನ ಕರ್ನಾಟಕದಲ್ಲಿ ವಿಧಾನಸಭೆ, ವಿಧಾನ ಪರಿಷತ್ತು ಇವೆ. ವರ್ಷದ ಮೊದಲ ಅಧಿವೇಶನದಲ್ಲಿ ರಾಜ್ಯಪಾಲರು ‘ಉಭಯ ಸದನಗಳನ್ನುದ್ದೇಶಿಸಿ’ ಭಾಷಣ ಮಾಡುತ್ತಾರೆ. ಆಗ ಎರಡೂ ಸದನಗಳ ಸದಸ್ಯರು ಒಂದೇ ಕಡೆ ಕೂಡಿರುತ್ತಾರೆ. ಮಸೂದೆಗೆ ‘ಉಭಯ ಸದನಗಳ’ ಒಪ್ಪಿಗೆ ಬೇಕು ಎನ್ನುವಾಗ ಒಂದೊಂದು ಸದನವೂ ಬೇರೆ ಬೇರೆಯಾಗಿ ಒಪ್ಪಬೇಕು. ಮೊದಲನೆಯದು ರೋಮಿನವರ ‘ಆಂಬೊ’, ಎರಡನೆಯದು ‘ಉಟೆರ್ಕ್ವೆ’. ಇಷ್ಟಾಗಿಯೂ ಎರಡು ಸದನ ಸಮವಲ್ಲ. ಹಣಕಾಸು ಮಸೂದೆಯಲ್ಲಿ ಪರಿಷತ್ತಿಗಿರುವುದು ಸಲಹೆ ಕೊಡುವ ಹಕ್ಕು ಮಾತ್ರ. ಮಿಕ್ಕ ಮಸೂದೆಗಳಲ್ಲೂ ಭಿನ್ನಮತ ಬಂದರೆ, ಸಂಸತ್ತಿನಲ್ಲಿರುವಂತೆ ಜಂಟಿ ಅಧಿವೇಶನದ ದಾರಿ ರಾಜ್ಯಗಳಿಗಿಲ್ಲ. ಕೊನೆಗೆ ನಡೆಯುವುದು ವಿಧಾನಸಭೆಯ ಮಾತೇ. ‘ಉಭಯ’ ಎಂಬ ಪದ ಇದ್ಯಾವುದನ್ನೂ ಹೊರಗೆ ಬಿಟ್ಟುಕೊಡುವುದಿಲ್ಲ.

ಕನ್ನಡ ನಾಡಿನಲ್ಲಿ ‘ಉಭಯ’ ಬಹುಕಾಲ ಗೌರವದ ಪದವಾಗಿಯೇ ಬಾಳಿತು. ಹತ್ತನೆಯ ಶತಮಾನದಲ್ಲಿ ಶಾಂತಿಪುರಾಣ ಬರೆದ ಪೊನ್ನನಿಗೆ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಕೊಟ್ಟ ಬಿರುದು ‘ಉಭಯಕವಿ ಚಕ್ರವರ್ತಿ’. ಕನ್ನಡ, ಸಂಸ್ಕೃತ ಎರಡರಲ್ಲೂ ಕವಿ ಎಂಬುದು ತಾತ್ಪರ್ಯ. ಐಹೊಳೆಯ ಐನೂರ್ವರ ಕಾಲದ ವರ್ತಕ ಸಂಘಗಳ ಶಾಸನಗಳಲ್ಲಿ ‘ಉಭಯ ನಾನಾದೇಶಿ’ ಎಂಬ ಮಾತು ಸಿಗುತ್ತದೆ. ಊರಿನವರೂ ಪರದೇಶದಿಂದ ಬಂದವರೂ ಒಂದೇ ವ್ಯಾಪಾರದ ಕಟ್ಟಿಗೆ ಒಳಪಟ್ಟವರು. ಮೇಲುಕೋಟೆಯಲ್ಲಿ, ಮೈಸೂರಿನ ಪರಕಾಲ ಮಠದ ಪರಂಪರೆಯಲ್ಲಿ ‘ಉಭಯ ವೇದಾಂತ’ ಎಂದರೆ ಸಂಸ್ಕೃತದ ವೇದಾಂತವೂ ಆಳ್ವಾರರ ತಮಿಳು ಪ್ರಬಂಧವೂ. ಎರಡು ಭಾಷೆಗಳನ್ನು ಒಂದರ ಮೇಲೊಂದು ಇಡದೆ ಪಕ್ಕಪಕ್ಕದಲ್ಲಿಡುವ ಪ್ರಯತ್ನ ಅದು. ಹಿಂದೂಸ್ತಾನಿ, ಕರ್ನಾಟಕ ಸಂಗೀತಗಳೆರಡನ್ನೂ ಬಲ್ಲವರನ್ನು ‘ಉಭಯಗಾನ ವಿದುಷಿ’, ‘ಉಭಯಗಾನ ವಿಶಾರದ’ ಎಂದು ಕರೆಯುವುದು ಇದೇ ಜಾಡಿನಲ್ಲಿ. ಬೆಂಗಳೂರಿನ ಶ್ಯಾಮಲಾ ಭಾವೆಯವರ ಹೆಸರಿನ ಜೊತೆ ಈ ಬಿರುದು ಬೆರೆತೇ ಹೋಗಿತ್ತು.

ಕಾಗದ ಬರೆಯುವ ಕಾಲದಲ್ಲಿ ಪ್ರತಿ ಮನೆಯಲ್ಲೂ ಈ ಪದವಿತ್ತು. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುಮಾಡದ ಪತ್ರ ಪತ್ರವೇ ಅಲ್ಲ. ನಿಮ್ಮ ಕ್ಷೇಮ, ನಮ್ಮ ಕ್ಷೇಮ ಎರಡನ್ನೂ ಹೇಳಿ ಕೇಳಿದ ಮೇಲೆ ಈಗಿನ ವಿಷಯಕ್ಕೆ ಬರೋಣ ಎಂಬುದು ಅದರ ಅರ್ಥ. ಬಹಳ ಜನಕ್ಕೆ ಅರ್ಥ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಸಾಲ ಕೇಳುವ ಪತ್ರವೂ ಸಾವಿನ ಸುದ್ದಿಯ ಹಿಂದುಮುಂದಿನ ಪತ್ರಗಳೂ ಇದೇ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದವು. ಕ್ರಯಪತ್ರ, ಭೋಗ್ಯಪತ್ರಗಳಲ್ಲಿ ‘ಉಭಯತ್ರರೂ ಒಪ್ಪಿ’ ಎಂದು ಬರೆದರೆ ಕೊಟ್ಟವನೂ ಕೊಂಡವನೂ ಎಂದರ್ಥ.

ಶೃಂಗೇರಿಯ ಸಂಪ್ರದಾಯದಲ್ಲಿ ಪ್ರಸಿದ್ಧವಾದ ಶಂಕರವಿಜಯದ ಕಥೆಯಲ್ಲಿ ಈ ಪದವನ್ನು ಹೆಸರಾಗಿ ಹೊತ್ತ ಹೆಣ್ಣೊಬ್ಬಳಿದ್ದಾಳೆ: ಮಂಡನಮಿಶ್ರನ ಹೆಂಡತಿ ಉಭಯಭಾರತಿ. ಗಂಡನಿಗೂ ಶಂಕರರಿಗೂ ವಾದ ನಡೆದಾಗ ಆಕೆಯೇ ತೀರ್ಪುಗಾರಳು. ಒಂದು ಕಡೆ ಗಂಡ, ಇನ್ನೊಂದು ಕಡೆ ಗೆದ್ದರೆ ಗಂಡನನ್ನು ಸಂನ್ಯಾಸಕ್ಕೆ ಕರೆದೊಯ್ಯುವ ಯತಿ. ಆಕೆ ಇಬ್ಬರ ಕೊರಳಿಗೂ ಹೂವಿನ ಹಾರ ಹಾಕಿ, ಯಾರ ಹಾರ ಬಾಡುತ್ತದೋ ಅವರು ಸೋತಂತೆ ಎಂದಳಂತೆ. ಬಾಡಿದ್ದು ಗಂಡನ ಹಾರ. ಎರಡೂ ಕಡೆಗೆ ನ್ಯಾಯವಾಗಿ ನಿಲ್ಲುವುದಕ್ಕೆ ಆಕೆ ಕೊಟ್ಟ ಬೆಲೆ ಸಣ್ಣದಲ್ಲ.

ಎರಡೂ ಕೈಗಳ ಕಥೆ ಇನ್ನೂ ಮೋಜಿನದು. ಎರಡು ಕೈಯಲ್ಲೂ ಸಮನಾಗಿ ಕೆಲಸ ಮಾಡಬಲ್ಲವನಿಗೆ ನಂತರದ ಕಾಲದ ಲ್ಯಾಟಿನ್ನಿನಲ್ಲಿ ‘ಆಂಬಿಡೆಕ್ಸ್ಟರ್’ ಎಂದರು. ‘ಡೆಕ್ಸ್ಟರ್’ ಎಂದರೆ ಬಲಗೈ. ಎರಡೂ ಬಲಗೈಯಾದವನು ಎಂಬುದು ಪದದ ಅರ್ಥ. ಕೀರ್ತಿಯೆಲ್ಲ ಬಲಗೈಗೇ. ನಮ್ಮಲ್ಲಿ ಇದೇ ಅರ್ಥಕ್ಕೆ ‘ಸವ್ಯಸಾಚಿ’ ಇದೆ. ಅದು ಎಡಗೈಯನ್ನು ಹೆಸರಿಸಿ ಹೊಗಳುತ್ತದೆ. ಎಷ್ಟು ಬೇರೆ ನೋಟ ಎನ್ನುವಷ್ಟರಲ್ಲಿ ಮಹಾಭಾರತದ ವಿರಾಟಪರ್ವ ಎದುರಾಗುತ್ತದೆ. ಉತ್ತರಕುಮಾರನಿಗೆ ತನ್ನ ಹೆಸರುಗಳನ್ನು ಬಿಡಿಸಿ ಹೇಳುವ ಅರ್ಜುನ, ಗಾಂಡೀವವನ್ನು ಎಳೆಯುವಾಗ ತನ್ನ ಕೈಗಳೆರಡೂ ಬಲಗೈಗಳೇ, ಅದಕ್ಕೇ ತಾನು ಸವ್ಯಸಾಚಿ ಎನ್ನುತ್ತಾನೆ. ಅಲ್ಲಿ ಬಳಕೆಯಾಗಿರುವ ಪದವೂ ‘ಉಭೌ’. ರೋಮಿನ ಭಾಷೆಯೂ ವ್ಯಾಸಭಾರತವೂ ಒಂದನ್ನೊಂದು ನೋಡದೆಯೇ ಅಕ್ಷರಶಃ ಒಂದೇ ಮಾತನ್ನು ಆಡಿವೆ.

ಆದರೆ ಇಂಗ್ಲೆಂಡಿಗೆ ಬರುವಷ್ಟರಲ್ಲಿ ‘ಆಂಬಿಡೆಕ್ಸ್ಟರ್’ ಪದಕ್ಕೆ ಕೆಟ್ಟ ಹೆಸರು ಬಂತು. ಹಳೆಯ ಇಂಗ್ಲಿಷ್ ಕಾನೂನಿನಲ್ಲಿ, ವಾದಿ ಪ್ರತಿವಾದಿ ಇಬ್ಬರಿಂದಲೂ ಲಂಚ ತಿಂದ ಜ್ಯೂರಿಯನ್ನು ಹೀಗೆ ಕರೆಯುತ್ತಿದ್ದರು. ಎರಡು ಕೈಯಲ್ಲೂ ಬಾಚುವವನು. ‘ಆಂಬೊ’ ಪದಕ್ಕೂ ಇಂಥದೇ ಗತಿ ಬಂದಿತ್ತು. ರೋಮಿನ ಮಹಾಕವಿ ವರ್ಜಿಲ್ ತನ್ನ ಗೋಪಗೀತೆಯೊಂದರಲ್ಲಿ ಹಾಡಲು ಕುಳಿತ ಇಬ್ಬರು ಕುರಿಗಾಹಿಗಳನ್ನು ‘ಇಬ್ಬರೂ ಆರ್ಕೇಡಿಯದವರು’ ಎಂದು ಮೆಚ್ಚಿ ಹೇಳಿದ್ದ. ಬೈರನ್ ಕವಿ ಅದನ್ನೇ ಎತ್ತಿಕೊಂಡು, ಹಾಗೆಂದರೆ ಇಬ್ಬರೂ ಕಿಡಿಗೇಡಿಗಳು ಎಂದು ತಮಾಷೆ ಮಾಡಿದ. ‘ಇಬ್ಬರೂ ಸರಿಯಾಗಿದ್ದಾರೆ’ ಎಂದು ನಮ್ಮಲ್ಲಿ ಮೂಗು ಮುರಿಯುವಾಗ ಬರುವ ಧಾಟಿಯೇ ಅದು.

ಎರಡೂ ಕಡೆ ಕೈಚಾಚುವವನ ಬಗ್ಗೆ ಅತ್ಯಂತ ನಿಷ್ಠುರವಾದ ಪದ ಸಿಕ್ಕಿದ್ದು ಮೈಸೂರಿನಲ್ಲೇ. 1891ರಲ್ಲಿ ಇಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ, ಅಂದರೆ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಗರಿಯ ಹಸ್ತಪ್ರತಿಯನ್ನು ತಂದುಕೊಟ್ಟರು. ಹೆಸರು ಮಾತ್ರ ಕೇಳಿದ್ದ, ಕಳೆದೇ ಹೋಯಿತೆಂದು ಲೋಕ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದೆಂದು ಗುರುತಿಸಿದವರು ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲ ಗ್ರಂಥ ಅಚ್ಚಾಯಿತು. 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತದವರಿಗೆ ರಾಜ್ಯಶಾಸ್ತ್ರವೇ ಗೊತ್ತಿರಲಿಲ್ಲ ಎನ್ನುತ್ತಿದ್ದವರ ಬಾಯಿ ಆಮೇಲೆ ಕಟ್ಟಿತು.

ಆ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ಗೂಢಚಾರರ ಪ್ರಕರಣವಿದೆ. ಸಂನ್ಯಾಸಿ, ವರ್ತಕ, ಅಡುಗೆಯವ, ಕ್ಷೌರಿಕ, ಕುರುಡ, ಮೂಗ ಹೀಗೆ ಬಗೆಬಗೆಯ ವೇಷದವರು. ಅವರ ನಡುವೆ ಒಬ್ಬನ ಹೆಸರು ‘ಉಭಯವೇತನ’. ಎರಡೂ ಕಡೆಯಿಂದ ಸಂಬಳ ಪಡೆಯುವವನು. ನಮ್ಮ ರಾಜನ ಆಳಾಗಿದ್ದುಕೊಂಡೇ ಶತ್ರುರಾಜನ ಹತ್ತಿರ ನೌಕರಿಗೆ ಸೇರಿ, ಅಲ್ಲಿಯ ಸಂಬಳವನ್ನೂ ತಿನ್ನುತ್ತ, ಅಲ್ಲಿಯ ಸುದ್ದಿಯನ್ನು ಇಲ್ಲಿಗೆ ಮುಟ್ಟಿಸಬೇಕು. ಇಂಥವನನ್ನು ಹೇಗೆ ನಂಬುವುದು? ಕೌಟಿಲ್ಯ ನಂಬಿಕೆಯ ಮಾತನ್ನೇ ಆಡುವುದಿಲ್ಲ. ಅವನ ಹೆಂಡತಿ ಮಕ್ಕಳನ್ನು ಮೊದಲು ವಶಕ್ಕೆ ತೆಗೆದುಕೊ, ಆಮೇಲೆ ಅವನನ್ನು ಉಭಯವೇತನನನ್ನಾಗಿ ನೇಮಿಸು ಎನ್ನುತ್ತಾನೆ. ಶತ್ರುವೂ ಇದೇ ರೀತಿ ನಿನ್ನಲ್ಲಿಗೆ ಕಳಿಸಿರುತ್ತಾನೆ, ಅಂಥವರನ್ನು ಅಂಥವರಿಂದಲೇ ಪತ್ತೆ ಮಾಡು ಎಂದೂ ಸೇರಿಸುತ್ತಾನೆ.

ಪದದ ಜಾಣತನ ಗಮನಿಸಬೇಕು. ಲೆಕ್ಕದ ಪುಸ್ತಕದಲ್ಲಿ ಎರಡು ಸಂಬಳವೂ ಸಂಬಳವೇ. ‘ಉಭಯ’ ಎಂದರೆ ಇಲ್ಲೂ ಎರಡೂ ಕಡೆ ಎಂದೇ. ಆದರೆ ಅವನ ಮಡದಿ ಮಕ್ಕಳು ಇರುವುದು ಒಂದೇ ಕಡೆ. ಯಾವ ಸಂಬಳ ನಿಜ, ಯಾವುದು ಸೋಗು ಎಂಬುದನ್ನು ತೀರ್ಮಾನಿಸುವುದು ಅದು. ಆ ಸಾಲಿನ ಆಚೆ, ಯಾವುದೋ ಕೋಟೆಯೊಳಗೆ ಕಾವಲಿನಲ್ಲಿ ದಿನ ಎಣಿಸುವ ಹೆಂಗಸು ಮಕ್ಕಳ ಬಗ್ಗೆ ಗ್ರಂಥ ಮತ್ತೇನೂ ಹೇಳುವುದಿಲ್ಲ. ಹೇಳುವುದು ಅದರ ಕೆಲಸವೂ ಅಲ್ಲ.

ಶಾಮಶಾಸ್ತ್ರಿಗಳು ಈ ಸಾಲುಗಳನ್ನು ಓದಿದ ಮೈಸೂರು, ಸ್ವತಃ ಇಂಥದೊಂದು ‘ಉಭಯ’ದ ಕೆಳಗೆ ನೂರು ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದ ಊರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಜುಲೈ 8ರಂದು ಆ ಬಾಲಕನ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ನಡೆಯಿತು. ಅದರ ಮೊದಲನೆಯ ಕಲಮು ಓದಲು ಬಹಳ ಚೆನ್ನ. ಒಪ್ಪಂದದ ಇಬ್ಬರಲ್ಲಿ ಯಾರೊಬ್ಬರ ಮಿತ್ರರೂ ಶತ್ರುಗಳೂ ಇಬ್ಬರ ಮಿತ್ರರೂ ಶತ್ರುಗಳೂ ಆಗತಕ್ಕದ್ದು ಎಂಬುದು ಅದರ ಸಾರ. ‘ಯಾರೊಬ್ಬರ’, ‘ಇಬ್ಬರ’ ಎಂಬ ಎರಡು ಮಾತುಗಳನ್ನು ಒಂದೇ ವಾಕ್ಯದಲ್ಲಿ ಎಷ್ಟು ನಾಜೂಕಾಗಿ ತೂಗಿದ್ದಾರೆ! ಐದು ವರ್ಷದ ಮಗುವೂ ಸಮುದ್ರದಾಚೆಯ ಕಂಪನಿಯೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸಮನಾಗಿ ಕುಳಿತಂತಿದೆ.

ಮುಂದಿನ ಕಲಮುಗಳಲ್ಲಿ ಈ ‘ಇಬ್ಬರು’ ಇಲ್ಲ. ಕಂಪನಿ ಸೈನ್ಯ ಇಡುತ್ತದೆ. ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಕೊಡಬೇಕು. ಈ ಹಣ ನಿಲ್ಲುವ ಭಯ ಗವರ್ನರ್ ಜನರಲ್‌ಗೆ ಬಂದರೆ ಆತ ಆಡಳಿತದ ಕಟ್ಟಳೆಗಳನ್ನು ವಿಧಿಸಬಹುದು, ಸೀಮೆಯನ್ನೇ ನೇರವಾಗಿ ವಹಿಸಿಕೊಳ್ಳಬಹುದು. ಕಂಪನಿಗೆ ತಿಳಿಸದೆ ಮೈಸೂರು ಬೇರೆ ಯಾವ ರಾಜ್ಯದ ಜೊತೆಗೂ ಪತ್ರವ್ಯವಹಾರ ಮಾಡುವಂತಿಲ್ಲ. ಕಂಪನಿಗೆ ಅಂಥ ಕಟ್ಟು ಇರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಮಿತ್ರ ಯಾರು, ಶತ್ರು ಯಾರು ಎಂದು ತೀರ್ಮಾನಿಸುವವರು ಒಬ್ಬರೇ ಆದಾಗ, ಇಬ್ಬರ ಶತ್ರು ಎಂದರೆ ಆ ಒಬ್ಬರ ಶತ್ರುವೇ.

ಮೂವತ್ತೆರಡು ವರ್ಷಗಳ ನಂತರ ಆ ಕಲಮುಗಳಿಗೆ ಕೆಲಸ ಬಂತು. ನಗರ ಸೀಮೆಯಲ್ಲಿ 1830-31ರಲ್ಲಿ ರೈತರ ದಂಗೆ ಎದ್ದಿತು. ಅದನ್ನು ಮುಂದಿಟ್ಟುಕೊಂಡು 1831ರಲ್ಲಿ ಗವರ್ನರ್ ಜನರಲ್ ಲಾರ್ಡ್ ವಿಲಿಯಂ ಬೆಂಟಿಂಕ್ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡ. ಕಂಪನಿಗೆ ಸಲ್ಲಬೇಕಾದ ಹಣ ನಿಜವಾಗಿ ನಿಂತಿತ್ತೇ, ನಿಲ್ಲುವ ಭಯ ಮಾತ್ರ ಇತ್ತೇ ಎಂಬುದು ಅಂದಿನಿಂದಲೂ ವಾದದ ವಿಷಯ. ಒಪ್ಪಂದಕ್ಕೆ ಭಯ ಸಾಕಾಗಿತ್ತು. ಮುಮ್ಮಡಿ ಕೃಷ್ಣರಾಜರು ಅರಮನೆಯಲ್ಲಿ ಪಂಡಿತರು, ಕವಿಗಳು, ಚದುರಂಗದ ನಡುವೆ ದಿನ ಕಳೆಯುತ್ತ, ರಾಜ್ಯ ಹಿಂದಿರುಗಿಸಿ ಎಂದು ಮತ್ತೆ ಮತ್ತೆ ಅರ್ಜಿ ಬರೆದರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಅವರಿಗೆ ಬರಲಿಲ್ಲ. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ 1881ರ ಮಾರ್ಚ್ 25ರಂದು ಅಧಿಕಾರ ಹಿಂದಿರುಗಿತು. ಹಿಂದಿರುಗಿಸಿದ ಪತ್ರದಲ್ಲಿ ಕೊಡಬೇಕಾದ ಹಣ 35 ಲಕ್ಷ ರೂಪಾಯಿಗೆ ಏರಿತ್ತು.

ಅರಸರ ಲಾಂಛನವಾಗಿದ್ದ, ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿರುವ ಗಂಡಭೇರುಂಡಕ್ಕೆ ತಲೆ ಎರಡು, ಒಡಲು ಒಂದು. ಆ ಐವತ್ತು ವರ್ಷ ಮೈಸೂರಿಗೂ ಹೀಗೇ ಎರಡು ತಲೆಗಳಿದ್ದವು: ಹೆಸರಿಗೆ ಅರಮನೆಯಲ್ಲಿ ಮಹಾರಾಜರು, ಕೆಲಸಕ್ಕೆ ಬೆಂಗಳೂರಿನಲ್ಲಿ ಕಮಿಷನರು. ತೆರಿಗೆ ಕಟ್ಟುತ್ತಿದ್ದ ಒಡಲು ಮಾತ್ರ ಒಂದೇ.

ಕಾವೇರಿಯ ವಿಷಯದಲ್ಲಿ ‘ಉಭಯ’ ಬಂದದ್ದು ಆಮೇಲೆ. 1892ರಲ್ಲಿ ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ ನೀರಿನ ಒಪ್ಪಂದವಾಯಿತು. ಮೇಲ್ನೋಟಕ್ಕೆ ಎರಡು ಸರ್ಕಾರಗಳ ಒಪ್ಪಿಗೆಯ ಪತ್ರ. ಆದರೆ ಪಟ್ಟಿ ಮಾಡಿದ ನದಿಗಳ ಮೇಲೆ ಹೊಸ ಅಣೆ, ಜಲಾಶಯ ಕಟ್ಟಬೇಕಾದರೆ ಮದರಾಸಿನ ಸಮ್ಮತಿ ಬೇಕಾಗಿದ್ದುದು ಮೈಸೂರಿಗೆ. ಮದರಾಸು ಬ್ರಿಟಿಷರ ನೇರ ಆಳ್ವಿಕೆಯ ಪ್ರಾಂತ್ಯ. ಮೈಸೂರು ಬ್ರಿಟಿಷರ ಕೃಪೆಯಲ್ಲಿದ್ದ ಸಂಸ್ಥಾನ. ಕನ್ನಂಬಾಡಿ ಕಟ್ಟೆಯ ಎತ್ತರದ ಬಗ್ಗೆ ತಕರಾರು ಎದ್ದು, ಪಂಚಾಯಿತಿ, ಮೇಲ್ಮನವಿ ಎಲ್ಲ ಆಗಿ, 1924ರ ಫೆಬ್ರವರಿ 18ರಂದು ಇನ್ನೊಂದು ಒಪ್ಪಂದಕ್ಕೆ ಸಹಿ ಬಿತ್ತು.

ಆ ಎರಡು ಒಪ್ಪಂದಗಳ ಕಾಲದಲ್ಲಿ ‘ಉಭಯ ಸರ್ಕಾರಗಳು’ ಎನ್ನುವುದು ಲೆಕ್ಕಕ್ಕಾದರೂ ಸರಿಯಿತ್ತು. ಕಾಗದದ ಮೇಲೆ ಇದ್ದವರು ಇಬ್ಬರೇ. ಇಂದು ಮಳೆ ಕೈಕೊಟ್ಟ ವರ್ಷ ಕೃಷ್ಣರಾಜಸಾಗರದ ಮಟ್ಟ ಇಳಿದು, ಮಂಡ್ಯದಲ್ಲಿ ರಸ್ತೆ ತಡೆ ಶುರುವಾದರೆ ಸುದ್ದಿಗಳಲ್ಲಿ ಮತ್ತೆ ‘ಉಭಯ ರಾಜ್ಯಗಳು’ ಬರುತ್ತವೆ. ಆದರೆ ವಿವಾದದಲ್ಲಿ ಪಾಲುದಾರರು ನಾಲ್ವರು. 2007ರ ನ್ಯಾಯಮಂಡಳಿಯ ಅಂತಿಮ ತೀರ್ಪಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಅಡಿ ನೀರು ಹಂಚಿಕೆಯಾಯಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 404.25ಕ್ಕೆ ಇಳಿಸಿ ಕರ್ನಾಟಕದ್ದನ್ನು 284.75ಕ್ಕೆ ಏರಿಸಿತು. ಕೇರಳದ 30, ಪುದುಚೇರಿಯ 7 ಹಾಗೇ ಉಳಿದವು.